ಸೊನ್ನೆಗಳ ವರ್ಷ

ಸಕುಬ್ವಾ, ಮುತಾರೆ. ಮೂರನೇ ತರಗತಿ, 'ಬಿ' ವಿಭಾಗ. ೨೦೦೮.

ಮೊದಲೆಲ್ಲ ಸೊನ್ನೆ ಕಲಿಸುವುದು ಬಲು ಸುಲಭ.
ಬೋರ್ಡಿನ ಮೇಲೊಂದು ಬಟ್ಟಲು ಬರೆದು
ಇದರೊಳಗೇನಿದೆ ಎಂದರೆ ಸಾಕು
ಏನೂ ಇಲ್ಲಾ ಟೀಚರ್ ಎಂದು
ಕೂಗಿ ಹೇಳುತ್ತಿದ್ದರು ಖುಷಿಯಲ್ಲಿ,
ಉಂಡು ಬಂದ ಮಕ್ಕಳು.

ಈ ವರ್ಷ ಬಟ್ಟಲು ಬರೆಯಲಿಲ್ಲ ನಾನು.

ಹಳೇ ಪುಸ್ತಕ, ಪುಟ ನಲವತ್ತೊಂದು:
ಒಂದು ಬ್ರೆಡ್ಡಿಗೆ ಎರಡು ಡಾಲರಾದರೆ ಮೂರಕ್ಕೆಷ್ಟು?
ಉತ್ತರದ ಜಾಗದಲ್ಲಿ ನ್ಯೆಂಬೆಸಿ
ಗುಂಡಗೆ, ಗೆರೆ ತಪ್ಪದೆ, ಬರೆದಿದ್ದಳು:
ಬೆಳಿಗ್ಗೆಯೋ, ಮಧ್ಯಾಹ್ನವೋ?
ತಮಾಷೆಯಲ್ಲ. ಆ ಹುಡುಗಿಗೆ ತಮಾಷೆ ಬರುವುದಿಲ್ಲ.
ಬ್ರೆಡ್ಡಿನ ಸಾಲಿನಲ್ಲಿ ಅಜ್ಜಿಯ ಜಾಗ ಹಿಡಿದು
ನಿಂತು ಕಲಿತದ್ದು.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಸರಿ ಹಾಕಲೋ, ತಪ್ಪು ಹಾಕಲೋ.
ಕೊನೆಗೆ ಪೆನ್ನಿನಲ್ಲೇ ಮಸಿಯಿರಲಿಲ್ಲ.

ಸಂಬಳ ಬಂದಿದೆಯೆಂದು ಬ್ಯಾಂಕಿನೆದುರು
ರಾತ್ರಿಯೇ ಚಿಟೆಂಗೆ ಹಾಸಿ ಮಲಗಿದೆವು, ಟೀಚರುಗಳು, ನರ್ಸುಗಳು,
ಒಬ್ಬ ನಿವೃತ್ತ ಪೋಲೀಸು.
ಮಧ್ಯಾಹ್ನ ಕೈಗೆ ಸಿಕ್ಕಿದ್ದು ಒಂದು ಕಂತೆ ನೋಟು.
ಎಷ್ಟೆಂದು ಓದಲು ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಿದೆ,
ನನ್ನ ಮಕ್ಕಳು ಎಣಿಸುವ ಹಾಗೆ, ತುಟಿ ಅಲ್ಲಾಡಿಸುತ್ತ.
ಮನೆಗೆ ಮರಳುವ ಬಸ್ಸಿಗೆ ಸಾಲಲಿಲ್ಲ.
ನಡೆದೆ.

ಗ್ವಾತಿಜೋ ಮೇಷ್ಟ್ರು ಜೂನಿನಲ್ಲಿ ಹೋದರು.
ಫ್ರಾನ್ಸಿಸ್‌ಟೌನಿನಲ್ಲಿ ಯಾರದೋ ಆಡು ಕಾಯುತ್ತಾರಂತೆ,
ತಿಂಗಳ ಕೊನೆಗೆ ಸಂಬಳ ಕೊಡುತ್ತಾರಂತೆ.
ಅವರ ತರಗತಿಯನ್ನೂ ನನ್ನದಕ್ಕೆ ಸೇರಿಸಿದರು.
ಎಂಬತ್ತೇಳು ಹೆಸರು. ಬೆಂಚಿಗೆ ಐವರು,
ಕಿಟಕಿಯ ಕಟ್ಟೆಯ ಮೇಲೆ ಇಬ್ಬರು.
ಅವರ ಹುಡುಗರಿಗೆ ನನ್ನ ಮೇಲೆ ಕೋಪ,
ಮೇಷ್ಟ್ರನ್ನು ನಾನೇ ಓಡಿಸಿದೆನೋ ಎಂಬಂತೆ.

ಹೇಳಬಾರದು, ಆದರೂ ಹೇಳುತ್ತೇನೆ:
ವಿರಾಮದಲ್ಲಿ ನಾನು ಐಸ್ ಮಾರುತ್ತೇನೆ,
ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿದ ಬಣ್ಣದ ನೀರು, ನನ್ನದೇ ಮಕ್ಕಳಿಗೆ.
ಕೊಂಡವರ ಮುಖ ನೆನಪಿರುವುದಿಲ್ಲ.
ಕೊಳ್ಳದವರು ಗೋಡೆಗೆ ಒರಗಿ ನಿಂತಿರುತ್ತಾರೆ.
ಅವರ ಮುಂದೆಯೇ ಹಾದು ಒಳಗೆ ಹೋಗಿ
ಸತ್ಯದ ಮಹಿಮೆ ಪಾಠ ಮಾಡಬೇಕು.

ಆಗಸ್ಟಿನಲ್ಲಿ ಸರ್ಕಾರ ದುಡ್ಡಿನಿಂದ ಹತ್ತು ಸೊನ್ನೆ ಅಳಿಸಿತು.
ಬೋರ್ಡಿನ ಮೇಲೆ ಬರೆದು ತೋರಿಸಿದೆ,
ಒದ್ದೆ ಬಟ್ಟೆಯಲ್ಲಿ ಒಂದೊಂದೇ ಒರೆಸಿದೆ.
ಹಿಂದಿನ ಬೆಂಚಿನಿಂದ ಕುಡ್ಜ್ವಾಯಿ:
"ಎಲ್ಲಿ ಹೋದವು ಟೀಚರ್?"
ಬಟ್ಟೆ ತೋರಿಸಿದೆ.
ಹತ್ತಿರ ಬಂದು ಮುಟ್ಟಿ ನೋಡಿದ, ಮೂಸಿಯೂ ನೋಡಿದ.
ಅಕ್ಟೋಬರಿಗೆ ಅವೆಲ್ಲ ಮರಳಿ ಬಂದಿದ್ದವು,
ನೆಂಟರನ್ನೂ ಕರೆದುಕೊಂಡು.

ಸೀಮೆಸುಣ್ಣ ಮುಗಿದ ಮೇಲೆ ಇದ್ದಿಲು ಹಿಡಿದೆ;
ಕಪ್ಪಿನ ಮೇಲೆ ಕಪ್ಪು ಕಾಣುವುದೆಲ್ಲಿ?
ಹೊರಗೆ ಕರೆದೊಯ್ದು ಜಕರಾಂಡ ಮರದಡಿ
ಮಣ್ಣಿನಲ್ಲಿ ಕಡ್ಡಿಯಿಂದ ಬರೆಸಿದೆ.
ಗಾಳಿ ಬಂದರೆ ಮಗ್ಗಿ ಮುಗಿಯಿತು.

ನನ್ನ ಮಂಚದಡಿ ಚೀಲವೊಂದು ತಯಾರಿದೆ.
ಎರಡು ಲಂಗ, ಸರ್ಟಿಫಿಕೇಟು, ಅಕ್ಕನ ವಿಳಾಸ.
ಗಡಿಯ ಬಸ್ಸು ಬುಧವಾರ, ಬೆಳಿಗ್ಗೆ ಆರೂವರೆ.
ಎಷ್ಟೋ ಬುಧವಾರಗಳು ಹೋದವು.

ನಿನ್ನೆ ನ್ಯೆಂಬೆಸಿ ಮೇಜಿನ ಮೇಲೆ
ಬೆಂಕಿಪೊಟ್ಟಣವೊಂದನ್ನು ಇಟ್ಟು ಓಡಿದಳು.
ಒಳಗೆ ಚೂರು ಚೂರು ಸೀಮೆಸುಣ್ಣ,
ಬೀಗ ಹಾಕಿದ ಐದನೇ ತರಗತಿಯ ಕಿಟಕಿಯಿಂದ
ಕೈ ತೂರಿಸಿ ಕದ್ದದ್ದು. ಮೊಣಕೈ ತರಚಿತ್ತು.
ಬೈಯಬೇಕಿತ್ತು. ಎಣಿಸಿದೆ.
ಏಳು.
ಇವತ್ತು ಬೆಳಿಗ್ಗೆ ಮತ್ತೆ ತೆರೆದು ಎಣಿಸಿದೆ,
ಈ ಊರಿನಲ್ಲಿ ಅದೊಂದು ಚಟವಾಗಿದೆಯಲ್ಲ.
ರಾತ್ರಿ ಕಳೆದರೂ ಏಳೇ.

ಒಂದನ್ನು ತೆಗೆದು ತಾರೀಕು ಬರೆದೆ.
ಮಂಗಳವಾರ.